ಅಕ್ಕನ ಅಳತೆಗಳನ್ನು ಮುಂಬೈಗೆ ಸಾಗಿಸಿದ್ದು

ಆದೋನಿಯಲ್ಲಿ ನಮ್ಮಕ್ಕನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ನಾನು ಅದೇ ಊರಿನ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಗಿರಾಕಿಗಳ ಅಳತೆಗಳನ್ನು ಅಕ್ಕ ಫೋನಿನಲ್ಲೇ ನೋಡಿಕೊಳ್ಳಲಿ ಎಂದು ಹಿಂದೆ ನಾನೇ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟಿದ್ದೆ. ಅದರ ಡೇಟಾಬೇಸ್ ಇದ್ದದ್ದು ಇಂಟರ್ನೆಟ್ಟಿನಲ್ಲಿ ಜಾಗ ಕೊಡುವ ಒಂದು ಕಂಪನಿಯಲ್ಲಿ, ನನ್ನ ಖಾತೆಯಲ್ಲಿ ಅವರು ಪ್ರಾಜೆಕ್ಟ್ ಎಂದು ಕರೆಯುವ ಒಂದು ಜಾಗದಲ್ಲಿ. ಅದನ್ನು ತೆರೆಯುವಾಗ ಯಾವ ದೇಶದಲ್ಲಿ ಇಡಬೇಕು ಎಂದು ಕೇಳಿದ ಕಡೆ ನಾನು ಏನನ್ನೂ ಬದಲಿಸದೆ ಮುಂದೆ ಹೋಗಿದ್ದೆ. ಹೀಗಾಗಿ ಆದೋನಿಯ ಹೆಂಗಸರ ತೋಳಿನ ಉದ್ದ, ಕತ್ತಿನ ಆಳವೆಲ್ಲ ಅಮೆರಿಕದ ಯಾವುದೋ ಮೂಲೆಯಲ್ಲಿ ಕೂತಿದ್ದವು. ಅಷ್ಟು ದೂರದಿಂದ ಫೋನಿಗೆ ಬರಲು ತಡವಾಗುತ್ತಿತ್ತು.

"ಗಿರಾಕಿ ಮುಂದ ನಿಂತಿರ್ತಾರ, ಇದು ಗಿರಗಿರ ತಿರುಗ್ತಾ ಕುಂತಿರ್ತೈತಿ," ಎಂದು ಅಕ್ಕ ಗೊಣಗುತ್ತಿದ್ದಳು. ಎಮ್ಮಿಗನೂರಿನ ಗೆಳತಿಯೊಬ್ಬಳು ಅವಳ ಜೊತೆ ಸೇರಿ ಅಲ್ಲೂ ಅಂಗಡಿ ತೆರೆದಾಗ ಗೊಣಗಾಟ ಎರಡು ಊರಿನದಾಯಿತು. ಒಮ್ಮೆ ತೆರೆದ ಪ್ರಾಜೆಕ್ಟಿನ ಜಾಗ ಬದಲಿಸಲು ಬರುವುದಿಲ್ಲ. ಅಕ್ಕನ ಹೆಸರಿನಲ್ಲೇ ಮುಂಬೈಯಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕಿತ್ತು.

"ಅಮಾಸಿ ದಿನ ಅಂಗಡಿ ಮುಚ್ಚಿರ್ತೈತಲ್ಲ, ಅವತ್ತು ಮಾಡ್ತೀನಿ," ಎಂದೆ.

"ಅಮಾಸಿ ದಿನ ಹೊಸದೇನೂ ಸುರು ಮಾಡಬ್ಯಾಡ."

"ಹಂಗಾರ ಅವತ್ತು ಹಳೇದ್ರ ನಕಲು ತಗೋತೀನಿ, ಮರುದಿನ ಹೊಸದ್ರಾಗ ಹಾಕ್ತೀನಿ. ನಡುವ ನೀ ಏನೂ ಮುಟ್ಟಬಾರದು ಮತ್ತ."

"ಅಂಗಡಿನೇ ಮುಚ್ಚಿರ್ತೈತಿ, ನಾ ಯಾಕ ಮುಟ್ಟಲಿ?"

ಅಮಾವಾಸ್ಯೆಯ ಬೆಳಿಗ್ಗೆ ನಕಲು ತೆಗೆದೆ. ಮರುದಿನ ಅದನ್ನು ಹೊಸ ಪ್ರಾಜೆಕ್ಟಿಗೆ ತುಂಬಿದೆ. ಅಕ್ಕ ಕೆಲವು ಹೆಸರುಗಳನ್ನು ಕನ್ನಡದಲ್ಲಿ, ಕೆಲವನ್ನು ತೆಲುಗಿನಲ್ಲಿ ಬರೆದಿದ್ದಳು. ಎರಡೂ ಲಿಪಿ ಕೆಡದೆ ಬಂದದ್ದು ಕಂಡು ನೆಮ್ಮದಿಯಾಯಿತು. ಗಿರಾಕಿಗಳ ಸಂಖ್ಯೆಯೂ ಎರಡೂ ಕಡೆ ಒಂದೇ ಇತ್ತು. ಆದರೂ ಕೊನೆಯ ಬಾರಿ ಯಾವ ಅಳತೆ ಬದಲಾಗಿದೆ ಎಂದು ನೋಡಿದರೆ, ಹಳೆಯದರಲ್ಲಿ ಅಮಾವಾಸ್ಯೆಯ ಸಂಜೆಯ ಒಂದು ಬದಲಾವಣೆ ಕಂಡಿತು. ನಾನು ನಕಲು ತೆಗೆದ ಮೇಲಿನದು.

"ಅಕ್ಕ, ನಿನ್ನೆ ಯಾರರ ಬಂದಿದ್ರೇನು?"

"ಯಾರೂ ಇಲ್ಲ." ಆಮೇಲೆ ಸೇರಿಸಿದಳು: "ಕೋಸಗಿ ಹುಡುಗಿ ಬಂದಿದ್ಲು ಮನಿಗೆ. ಮದುವಿ ಐತಿ ಆಕಿದು. ರೈಲಿಗೆ ಬಂದಾಕಿನ್ನ ವಾಪಸ್ ಕಳಸಾಕ ಆಗ್ತೈತೇನು? ಅಳತಿ ತಗೊಂಡೆ."

"ಅಮಾಸಿ ದಿನ ಹೊಸದು ಸುರು ಮಾಡಬ್ಯಾಡ ಅಂದಾಕಿ ನೀನ."

"ಅದು ಹೊಸದಲ್ಲ. ಹಳೇ ಗಿರಾಕಿ ಆಕಿ," ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ. ನಾನು ನಗುತ್ತಲೇ ಆ ಮದುಮಗಳ ಹೊಸ ಅಳತೆಯನ್ನು ಹೊಸ ಪ್ರಾಜೆಕ್ಟಿನಲ್ಲಿ ಕೈಯಾರೆ ಹಾಕಿದೆ. ಬಿಟ್ಟಿದ್ದರೆ ಮದುವೆಯ ಕುಪ್ಪಸ ಎದೆಗೆ ಬಿಗಿಯಾಗಿರುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಆ್ಯಪನ್ನು ಹೊಸ ಪ್ರಾಜೆಕ್ಟಿಗೆ ಜೋಡಿಸಿ ತೆರೆದರೆ ಕುಪ್ಪಸದ ಕತ್ತಿನ ಡಿಸೈನುಗಳ ಫೋಟೊ ಇರಬೇಕಾದಲ್ಲೆಲ್ಲ ಖಾಲಿ ಚೌಕಗಳು. ಫೋಟೊಗಳು ಡೇಟಾಬೇಸಿನೊಳಗೆ ಇರುವುದಿಲ್ಲ, ಪ್ರಾಜೆಕ್ಟಿನಲ್ಲೇ ಬೇರೆ ಕಡೆ ಇರುತ್ತವೆ, ಅವನ್ನು ಬೇರೆಯಾಗಿಯೇ ಸಾಗಿಸಬೇಕು. ಒಂದೇ ಸಲ ಎಲ್ಲವನ್ನೂ ಸಾಗಿಸಬಹುದಿತ್ತು. ಆದರೆ ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಇದು ಬ್ಯಾಡ, ಈಗ ಯಾರೂ ಹಾಕಲ್ಲ. ಇದು ಇರಲಿ. ಇದ್ರಾಗ ಬೆನ್ನು ಭಾಳ ಕಾಣ್ತೈತಿ, ಇದನ್ನ ಮೊದಲ ಹಾಕು, ಕಾಲೇಜಿನವರು ಕೇಳ್ತಾರ." ಹಾಗೆ ಮಧ್ಯಾಹ್ನವೆಲ್ಲ ಕಳೆಯಿತು. ಅಕ್ಕ ಇಷ್ಟು ಹೊತ್ತು ಹೊಲಿಗೆ ಬಿಟ್ಟು ನನ್ನ ಪಕ್ಕ ಹಿಂದೆ ಯಾವಾಗ ಕೂತಿದ್ದಳೋ ನೆನಪಿಲ್ಲ. ಕೆಲಸ ಬೇಗ ಮುಗಿಸುವ ಆಸೆ ನನಗೂ ಉಳಿದಿರಲಿಲ್ಲ.

ಹೊಸದರಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಹಾಗೇ ಇಟ್ಟಿದ್ದೆ. ಅದನ್ನು ಅಳಿಸುವ ದಿನ ಪರದೆಯ ಮೇಲೆ, ನಿಜವಾಗಿಯೂ ಬೇಡವೇ, ಹಾಗಿದ್ದರೆ ಪ್ರಾಜೆಕ್ಟಿನ ಹೆಸರನ್ನು ಪೂರ್ತಿ ಬರೆಯಿರಿ ಎಂದು ಬಂತು. ಬರೆದೆ. ಅಕ್ಕ ಮಷೀನು ನಿಲ್ಲಿಸಿ ನೋಡಿದಳು.

"ಹೋತೇನು?"

"ಹೋತು."

"ಹಂಗಾರ ಬಾ, ರೊಟ್ಟಿ ಆರತಾವ," ಎಂದು ಎದ್ದಳು.