ಅಣ್ಣನ ಒಪ್ಪತ್ತು

ಶನಿವಾರ ಅಣ್ಣನನ್ನು ನಮ್ಮ ಮನೆಯಲ್ಲಿ ಯಾರೂ "ಊಟ ಆಯ್ತಾ" ಎಂದು ಕೇಳುತ್ತಿರಲಿಲ್ಲ. ಬೇರೆ ದಿನ ಮನೆಗೆ ಬಂದವರಾಗಲಿ ಬೀದಿಯಲ್ಲಿ ಸಿಕ್ಕವರಾಗಲಿ ಮೊದಲು ಆಡುವ ಮಾತೇ ಅದು. ಆದರೆ ಶನಿವಾರ ಆಂಜನೇಯನ ಒಪ್ಪತ್ತು. ಹಗಲೆಲ್ಲ ಉಪವಾಸ, ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ವ್ರತ ಹಿಡಿದವನ ಮುಂದೆ ಊಟದ ಮಾತೆತ್ತಿದರೆ ಅವನ ಮನಸ್ಸು ಅನ್ನದ ಕಡೆ ಹರಿಯುತ್ತದೆ, ಆ ಪಾಪ ಕೇಳಿದವನಿಗೆ ಎಂದು ಅಮ್ಮ ಕಲಿಸಿದ್ದಳು. ಗರಡಿಯಲ್ಲೂ ಅದೇ ಪದ್ಧತಿ.

ಅಣ್ಣ ಗರಡಿಯ ಉಸ್ತಾದ್. ಹಲಸೂರಿನ ಒಂದು ಸಂದಿಯಲ್ಲಿ ನಮ್ಮ ತಾತನ ಕಾಲದ ಗರಡಿ ಮನೆ ಇದೆ. ತಗ್ಗು ಬಾಗಿಲು, ಹೆಂಚಿನ ಮಾಡು, ಒಳಗೆ ಕುಸ್ತಿಯ ಕೆಂಪು ಮಣ್ಣು. ಅದಕ್ಕೆ ಮಟ್ಟಿ ಎನ್ನುತ್ತೇವೆ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ದಿನಾ ಬೆಳಿಗ್ಗೆ ಗುದ್ದಲಿಯಲ್ಲಿ ಮಗುಚುತ್ತಿರಬೇಕು. ಬಿಟ್ಟರೆ ಕಲ್ಲಾಗುತ್ತದೆ, ಬಿದ್ದವನ ಮೂಳೆ ಮುರಿಯುತ್ತದೆ. ಆ ಗುದ್ದಲಿಯನ್ನು ಅಣ್ಣ ಯಾರ ಕೈಗೂ ಕೊಡುತ್ತಿರಲಿಲ್ಲ. ಮಟ್ಟಿ ಮಗುಚಿ, ದಂಡ ಬಸ್ಕಿ ಹೊಡೆದು, ಗದೆ ತಿರುಗಿಸಿ ಮುಗಿಸುವ ಹೊತ್ತಿಗೆ ಹೊರಗೆ ಉಳುಕು ತೆಗೆಸಿಕೊಳ್ಳುವವರು ಕಾಯುತ್ತಿರುತ್ತಿದ್ದರು. ಕತ್ತು ಹಿಡಿದವರು, ಕಾಲು ಹೊರಳಿದವರು ಇಂದಿರಾನಗರದಿಂದ ಕಾರಿನಲ್ಲಿ ಬರುತ್ತಿದ್ದರು. ಅವನ ಜೀವನವೇ ಅದು, ಇನ್ನೊಬ್ಬರ ಮೈ ಮುಟ್ಟುವುದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಟಿನ್ ಫ್ಯಾಕ್ಟರಿ ಹತ್ತಿರ ಗೇಟು, ಗ್ರಿಲ್ಲು, ಷಟರ್ ಮಾಡುವ ಸ್ವಂತ ಅಂಗಡಿ ಇದೆ. ನಾನು ಮಾಡಿದ ಗೇಟು ಜೋತುಬಿದ್ದಿದೆ ಎಂದು ಇವತ್ತಿನವರೆಗೆ ಯಾರೂ ಬಂದು ಹೇಳಿಲ್ಲ. ಆದರೂ ಬೀದಿಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಉಸ್ತಾದರ ತಮ್ಮ ಎಂದೇ. ಅದರಲ್ಲಿ ನನಗೆ ಬೇಜಾರೇನೂ ಇರಲಿಲ್ಲ.

ಕರೋನಾ ಬಂತು, ಗರಡಿಗೆ ಬೀಗ ಬಿತ್ತು. ಆ ಬೀಗದ ಕೊಂಡಿ ನಾನೇ ಬೆಸೆದದ್ದು. ಯಾರೂ ಯಾರನ್ನೂ ಮುಟ್ಟಬಾರದು ಎಂದ ಮೇಲೆ ಉಳುಕಿನವರೂ ನಿಂತರು. ಮನೆಯಲ್ಲಿ ಅಣ್ಣ, ಅತ್ತಿಗೆ, ನಾನು ಮೂವರೇ. ಮೊದಮೊದಲು ಅಣ್ಣ ತಾರಸಿಯ ಮೇಲೆ ಸಾಮು ಮಾಡುತ್ತಿದ್ದ. ಅಕ್ಕಪಕ್ಕದ ತಾರಸಿಗಳಲ್ಲಿ ಜನ ನಿಂತು ನೋಡುತ್ತಿದ್ದರು.

"ಉಸ್ತಾದ್ರೇ, ನಮಗೂ ಸ್ವಲ್ಪ ಹೇಳ್ಕೊಡಿ, ಹೊಟ್ಟೆ ಬಂದ್ಬಿಟ್ಟಿದೆ!"

"ಮೊದ್ಲು ಆ ಬಜ್ಜಿ ತಟ್ಟೆ ಕೆಳಗಿಡು, ಆಮೇಲೆ ಹೇಳ್ಕೊಡ್ತೀನಿ," ಎನ್ನುತ್ತಿದ್ದ ಅಣ್ಣ.

ಅವನು ತಮಾಷೆಯಾಗಿ ಮಾತಾಡಿದ್ದು ನನಗೆ ನೆನಪಿರುವಂತೆ ಅದೇ ಕೊನೆ.

ಒಂದು ಸೋಮವಾರ, "ಇವತ್ತು ಸೋಮೇಶ್ವರನಿಗೆ ಒಪ್ಪತ್ತು," ಎಂದ. ಊರಿಗೆ ಕಷ್ಟ ಬಂದಿದೆ, ಇರಲಿ ಎಂದುಕೊಂಡೆವು. ಆಮೇಲೆ ಮಂಗಳವಾರ ಮಾರಮ್ಮನಿಗೆ. ಬೇನೆ ತರುವವಳೂ ಅವಳೇ, ತೆಗೆಯುವವಳೂ ಅವಳೇ, ಅದೂ ಸರಿಯಾಗಿಯೇ ಕಂಡಿತು. ಗುರುವಾರ ಗುರುಗಳಿಗೆ. ವ್ರತದ ದಿನ ಸಾಮು ಮಾಡಬಾರದು ಎಂದು ಗರಡಿಯ ಕಟ್ಟು. ಹಾಗಾಗಿ ಒಂದೊಂದೇ ದಿನ ಗದೆ ಮೂಲೆ ಸೇರಿತು. ಶುಕ್ರವಾರವನ್ನೂ ಹಿಡಿದಾಗ ಅತ್ತಿಗೆ ನಕ್ಕಳು.

"ಶುಕ್ರವಾರ ಹೆಂಗಸರದ್ದು ಕಣ್ರೀ. ಅದನ್ನೂ ಬಿಡಲ್ವಾ ನಮಗೆ?"

ಅಣ್ಣ ನಗಲಿಲ್ಲ. ಗೋಡೆಗೆ ಒರಗಿ ಕುಳಿತೇ ಇದ್ದ. ಬುಧವಾರ, ಭಾನುವಾರಗಳೂ ಹಾಗೇ ಸೇರಿಕೊಂಡವು. ಸಂಜೆಯ ಊಟವೂ ಬರಬರುತ್ತಾ ಉಪ್ಪಿಟ್ಟಾಯಿತು, ಉಪ್ಪಿಟ್ಟು ಹೋಗಿ ಒಂದು ಬಾಳೆಹಣ್ಣಾಯಿತು, ಅದರಲ್ಲೂ ಅರ್ಧ ತಟ್ಟೆಯಲ್ಲೇ ಇರುತ್ತಿತ್ತು. ಬೀದಿಯವರು ಕೆಳಗಿನಿಂದಲೇ ಅವನಿಗೆ ಕೈ ಮುಗಿದು ಹೋಗುತ್ತಿದ್ದರು. ನಮ್ಮ ಸಂದಿಯಲ್ಲಿ ಯಾರೂ ಸಾಯಲಿಲ್ಲ, ಅದು ಉಸ್ತಾದರ ಉಪವಾಸದ ಬಲ ಎಂಬ ಮಾತು ಎದ್ದಿತ್ತು. ನಾನೂ ಅದನ್ನು ಹತ್ತು ಜನರಿಗೆ ಫೋನಿನಲ್ಲಿ ಹೇಳಿದೆ. ಅಂಥ ಮನುಷ್ಯನನ್ನು ಊಟ ಆಯ್ತಾ ಎಂದು ಯಾರು ಕೇಳುತ್ತಾರೆ? ಅವನಿಗೀಗ ವಾರವೆಲ್ಲ ಶನಿವಾರ.

ಮಧ್ಯೆ ಅಂಗಡಿಗಳು ತೆರೆದರೂ ಗರಡಿಯ ಬೀಗ ತೆಗೆಯಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಮರುವರ್ಷ, ಎರಡನೇ ಸಲ ಎಲ್ಲ ಮುಚ್ಚುವ ಮುಂಚೆ, ರಂಜಾನ್ ತಿಂಗಳಲ್ಲಿ ನನ್ನ ಗೆಳೆಯ ಮನೆಗೆ ಬಂದ. ಶಿವಾಜಿನಗರದ ಗುಜರಿಯಲ್ಲಿ ಕಬ್ಬಿಣದ ವ್ಯಾಪಾರ ಅವನದು. ನಾನು ಹೇಳಿದ್ದ ಗೇಟಿನ ಹಿಂಜು, ಚಿಲಕಗಳ ಚೀಲ ತಂದಿದ್ದ. ಸೂರ್ಯ ಮುಳುಗುವ ಹೊತ್ತಾಗಿತ್ತು. ಅತ್ತಿಗೆ ನೀರಿನ ಚೊಂಬು ಇಟ್ಟಳು, ಅವನು ಜೇಬಿನಿಂದ ಖರ್ಜೂರದ ಪೊಟ್ಟಣ ತೆಗೆದ.

"ಉಸ್ತಾದ್, ನೀವೂ ಉಪವಾಸ, ನಾನೂ ಉಪವಾಸ. ಬನ್ನಿ, ಜೊತೇಲೇ ಬಿಡೋಣ," ಎಂದು ಅಣ್ಣನ ಕೈಗೆ ಒಂದು ಖರ್ಜೂರ ಇಟ್ಟ. ಆಮೇಲೆ ಮಸೀದಿಯ ಕಡೆಗೇ ಕಿವಿ ಕೊಟ್ಟು ಕುಳಿತ. "ಹೊಟ್ಟೆ ತಮಟೆ ಬಾರಿಸ್ತಾ ಇದೆ ಭಾಯ್, ಇವತ್ತೇನು ಬೇಗ ಕೂಗೋ ಹಾಗೆ ಕಾಣಲ್ಲ!"

ಆಜಾನ್ ಕೇಳಿಸಿತು. ಅವನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ಅಣ್ಣ ಖರ್ಜೂರವನ್ನು ಅಂಗೈಯಲ್ಲಿ ಹಾಗೇ ಹಿಡಿದಿದ್ದ. ಚೊಂಬಿನ ನೀರು ಮುಗಿದು, ಗೆಳೆಯ ನಮಾಜು ಮಾಡಿ ಎದ್ದ ಮೇಲೂ ಅದು ಅಲ್ಲೇ ಇತ್ತು.

ಮೆಟ್ಟಿಲಲ್ಲಿ ಗೆಳೆಯ ನನ್ನ ಭುಜ ಹಿಡಿದ. "ಗುರು, ತಪ್ಪು ತಿಳ್ಕೋಬೇಡ. ನಿಮ್ಮಣ್ಣ ಉಪವಾಸ ಇಲ್ಲ."

"ಏನು ಮಾತಾಡ್ತಿದೀಯ? ವರ್ಷದಿಂದ ಹಿಡಿದಿದಾನೆ. ನಮ್ಮ ದೇವರ ವಿಷಯ ನಿಂಗ್ಯಾಕೆ?"

"ದೇವರ ವಿಷಯ ಹೇಳ್ತಿಲ್ಲ ಭಾಯ್. ಉಪವಾಸ ಇರೋನು ಸಂಜೆ ಕಾಯ್ತಾನೆ. ನಾನು ಮಧ್ಯಾಹ್ನದಿಂದ ಕಬಾಬ್ ಜಪ ಮಾಡ್ತಿದೀನಿ, ಅಲ್ಲಾಗೂ ಗೊತ್ತು. ನಿಮ್ಮಣ್ಣ ಏನೂ ಕಾಯ್ತಾ ಇಲ್ಲ."

ಅವನಿಗೆ ಹೋಗಿಬಾ ಎಂದೂ ಹೇಳದೆ ಬಾಗಿಲು ಹಾಕಿದೆ. ಮೇಲೆ ಹೋಗಿ ಅಣ್ಣನನ್ನು ಎಬ್ಬಿಸಲು ತೋಳು ಹಿಡಿದೆ. ಹಿಂದೆ ಎರಡೂ ಕೈಯಲ್ಲಿ ಹಿಡಿದರೂ ತುಂಬದ ತೋಳು ಅದು. ಈಗ ನನ್ನ ಬೆರಳಿಗೆ ಬೆರಳು ತಾಗಿತು.

"ಅಣ್ಣ, ನಿಂಗೆ ಹಸಿವಾಗಲ್ವಾ?"

ಅಂಗೈಯ ಖರ್ಜೂರವನ್ನು ನೆಲಕ್ಕಿಟ್ಟ. "ಇಲ್ಲ ಕಣೋ. ಗರಡಿ ಮುಚ್ಚಿದಾಗಿಂದ ಇಲ್ಲ. ತುತ್ತು ಒಳಗೆ ಇಳಿಯಲ್ಲ. ಒಪ್ಪತ್ತು ಅಂದ್ರೆ ನೀವು ಯಾರೂ ಕೇಳಲ್ಲ. ಅದಕ್ಕೇ."

ಅಡುಗೆಮನೆಯಲ್ಲಿ ಅತ್ತಿಗೆಯ ಕೈಯ ಸೌಟು ನಿಂತದ್ದು ಕೇಳಿಸಿತು.

ಆಸ್ಪತ್ರೆಗಳ ಮುಂದೆ ಉಸಿರು ಸಿಗದವರ ಸಾಲು ಇದ್ದ ಕಾಲ ಅದು. ಊಟ ಸೇರದವನನ್ನು ಯಾರಿಗೆ ತೋರಿಸುವುದು? ಆ ಅಲೆ ಇಳಿದ ಮೇಲೆ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. ಇದು ಮನಸ್ಸಿನ ಕಾಯಿಲೆ, ಮಾತ್ರೆ ಇದೆ, ಊಟ ಮಾಡಿದ ಮೇಲೇ ನುಂಗಬೇಕು, ದಿನಾ ಸ್ವಲ್ಪ ವ್ಯಾಯಾಮ ಮಾಡಿಸಿ ಎಂದರು. ವ್ಯಾಯಾಮ! ಅವರ ಎದುರು ಕುಳಿತಿದ್ದವನು ಯಾರೆಂದು ಹೇಳಲು ಬಾಯಿ ತೆರೆದೆ. ಅಣ್ಣನನ್ನು ನೋಡಿ ಮುಚ್ಚಿಕೊಂಡೆ.

ಮನೆಗೆ ಬಂದರೆ ಅಣ್ಣ ಮಾತ್ರೆ ಮುಟ್ಟಲಿಲ್ಲ. ದೇವರಿಗೆ ಹೇಳಿಕೊಂಡದ್ದನ್ನು ಮುರಿಯಲಾರೆ ಎಂದ. ಅಲ್ಲಿಯವರೆಗೆ ಮರೆಯಾಗಿಟ್ಟುಕೊಂಡಿದ್ದ ವ್ರತದಲ್ಲಿ ಈಗ ಅವನೇ ಸಿಕ್ಕಿಕೊಂಡಿದ್ದ. ಕೊನೆಗೆ ದೇವಸ್ಥಾನದ ಅರ್ಚಕರನ್ನು ಕೇಳಿದೆ. ಒಬ್ಬನ ಹರಕೆಯನ್ನು ಒಡಹುಟ್ಟಿದವನು ಹೊರಬಹುದು ಎಂದರು. ಎಲ್ಲವನ್ನೂ ನಾನೇ ಹೊರುತ್ತೇನೆ ಎಂದೆ.

"ಬೆಂಕಿ ಮುಂದೆ ಕೂರೋನು ನೀನು. ವಾರವೆಲ್ಲ ಒಪ್ಪತ್ತು ಇದ್ರೆ ನಿನ್ನನ್ನೂ ಹೊತ್ಕೊಂಡು ಬರಬೇಕಾಗುತ್ತೆ," ಎಂದು ಬೈದು, ಮಿಕ್ಕ ದೇವರುಗಳಿಗೆ ತಪ್ಪುಕಾಣಿಕೆ ಹಾಕಿಸಿ ಶನಿವಾರವನ್ನು ಮಾತ್ರ ನನಗೆ ಕೊಟ್ಟರು. ಅಣ್ಣನ ಕೈಯಿಂದ ನನ್ನ ಕೈಗೆ ತೀರ್ಥ ಬಿಡಿಸಿದರು. ಅಲ್ಲಿಗೆ ಅವನ ವ್ರತಗಳೆಲ್ಲ ಮುಗಿದವು. ಇನ್ನು ಉಣ್ಣುತ್ತಾನೆ ಎಂದುಕೊಂಡೆವು.

ಗರಡಿಯ ಬೀಗ ತೆಗೆದ ದಿನ ಅವನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಗೆಳೆಯನನ್ನೂ ಕರೆದಿದ್ದೆ. ಹಿಂದಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಟ್ಟಿ ಸಿಮೆಂಟಿನ ನೆಲದಂತೆ ಬಿರಿದಿತ್ತು. ಮೂಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ನಾವಿಬ್ಬರೂ ನೀರು ಚಿಮುಕಿಸಿ, ಮಜ್ಜಿಗೆ ಸುರಿದು, ಬೆಳಗಿನಿಂದ ಅಗೆದೆವು. ಅಣ್ಣ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದ. ಯಾರ ಕೈಗೂ ಕೊಡದಿದ್ದ ಗುದ್ದಲಿ ನಮ್ಮ ಕೈಯಲ್ಲಿದ್ದರೂ ಏನೂ ಅನ್ನಲಿಲ್ಲ.

"ಉಸ್ತಾದ್, ನಾವು ಅಗೀತಿರೋದು ಸರೀನಾ? ಬೈಯೋದಾದ್ರೂ ಬೈರಿ!" ಎಂದ ಗೆಳೆಯ.

ನಾನು ಗುದ್ದಲಿಯನ್ನು ಅಣ್ಣನ ಕೈಗಿಟ್ಟೆ. ಎದ್ದು ಒಂದು ಏಟು ಹಾಕಿದ. ಗುದ್ದಲಿ ಮಣ್ಣಿನಲ್ಲಿ ಕಚ್ಚಿತು. ಅದನ್ನು ಹಿಂದಕ್ಕೆ ಎಳೆಯಲೂ ಇಲ್ಲ. ಹಾಗೇ ಬಿಟ್ಟು ಹೊಸ್ತಿಲಿಗೆ ಬಂದು ಕುಳಿತ.

"ಮನೆಗೆ ಹೋಗೋಣ ಕಣೋ," ಎಂದ.

ಈಗ ಗರಡಿಯಲ್ಲಿ ಬೇರೆಯವರು ಕಲಿಸುತ್ತಾರೆ. ಗೆಳೆಯ ಪ್ರತಿ ರಂಜಾನಿಗೂ ಖರ್ಜೂರ ತಂದು ಅಣ್ಣನ ಪಕ್ಕ ಇಟ್ಟು ಹೋಗುತ್ತಾನೆ. ಡಾಕ್ಟರಮ್ಮ ಮಾತ್ರೆ ಬದಲಿಸಿದರು, ಆಮೇಲೆ ಅವನ್ನೂ ಬದಲಿಸಿದರು. ತಾಳ್ಮೆ ಇರಲಿ ಎನ್ನುತ್ತಾರೆ. ನಮ್ಮಲ್ಲಿ ತಾಳ್ಮೆಗೇನೂ ಕೊರತೆಯಿಲ್ಲ. ಅಂಗಡಿಯಿಂದ ಮಧ್ಯಾಹ್ನ ಮನೆಗೆ ಬರುತ್ತೇನೆ, ಅವನು ಮಾತ್ರೆಗೆ ಬೇಕಾದಷ್ಟು ಉಣ್ಣುವವರೆಗೆ ಎದುರಿಗೆ ಕೂರುತ್ತೇನೆ.

ಹೋದ ಶನಿವಾರವೂ ಹಾಗೇ ಕುಳಿತಿದ್ದೆ. ಅತ್ತಿಗೆ ಮುದ್ದೆ, ಅವರೇಕಾಳಿನ ಸಾರು ಬಡಿಸಿದ್ದಳು. ಸಾರಿನ ಘಮಕ್ಕೆ ನನ್ನ ಬಾಯಲ್ಲಿ ನೀರೂರಿತು. ಅಣ್ಣ ಮುದ್ದೆಯಲ್ಲಿ ಚೂರು ಮುರಿದ, ಸಾರಿಗೆ ಅದ್ದಿದ, ನುಂಗಿದ. ಇನ್ನೊಂದು ಚೂರು ಮುರಿದು ತಟ್ಟೆಯ ಅಂಚಿಗಿಟ್ಟ. ತಟ್ಟೆಯನ್ನು ನನ್ನ ಕಡೆ ತಳ್ಳಿದ.

"ನೀನೇ ತಿನ್ನೋ. ಹಸಿದಿದೀಯ."

"ಇವತ್ತು ಶನಿವಾರ ಅಣ್ಣ. ನಿನ್ನ ಒಪ್ಪತ್ತು ನಾನು ಹಿಡಿದಿದೀನಲ್ಲ."

"ನಾನು ಬಿಟ್ಟಿಲ್ಲ ಕಣೋ ಅದನ್ನ," ಎಂದು ಗೋಡೆಯ ಕಡೆ ತಿರುಗಿದ.

ತಟ್ಟೆ ನಮ್ಮಿಬ್ಬರ ನಡುವೆ ಉಳಿಯಿತು. ಮುದ್ದೆಯ ಮೇಲೆ ಪದರ ಕಟ್ಟುವವರೆಗೂ ನಾನು ಏಳಲಿಲ್ಲ. ಅಂಗಡಿಯಿಂದ ಎರಡು ಸಲ ಫೋನ್ ಬಂತು, ತೆಗೆಯಲಿಲ್ಲ. ಕೊನೆಗೆ ಅತ್ತಿಗೆ ಬಂದು ತಟ್ಟೆ ಎತ್ತಿಕೊಂಡಳು.

"ನೀನು ಹೋಗಪ್ಪಾ, ಕೆಲಸ ನೋಡ್ಕೋ," ಎಂದಳು. "ಬೀದಿ ನಾಯಿಗಾದ್ರೂ ಹಾಕ್ತೀನಿ. ಅದಕ್ಕಾದ್ರೂ ಹಸಿವಿದೆ."