ಮಕಾತು ಫ್ರಿಜ್ಜಿನಲ್ಲಿಟ್ಟ ಡಬ್ಬಿ

ಮಕಾತು ತೊಕೇಶಿಗೆ ಎಂಬತ್ತನಾಲ್ಕು ತುಂಬಿತ್ತು. ಕುಣಿಯುವ ಚಪಲ ಮಾತ್ರ ಹದಿನಾರರಲ್ಲೇ ನಿಂತಿತ್ತು. ಜಪಾನಿನ ಓಕಿನಾವಾ ದ್ವೀಪದ ಚಿನೆನ್ ಕಡೆ ಯಾವ ಸಮಾರಂಭವಾದರೂ ಕೊನೆಗೆ ಕಚಾಶಿ ಕುಣಿತ ಇರಲೇಬೇಕು. ಸಾನ್‌ಶಿನ್ ಎಂಬ ವಾದ್ಯದ ತಂತಿ ಚುರುಕಾಗುತ್ತಿದ್ದಂತೆ ಎಲ್ಲರೂ ಎದ್ದು ಎರಡೂ ಕೈ ತಲೆಯ ಮೇಲೆತ್ತಿ ಗಾಳಿಯನ್ನೇ ಕಡೆಯುತ್ತಾರೆ. ಯಾರಾದರೂ ಕರೆಯಲಿ ಎಂದು ಕಾಯುವ ಜಾಯಮಾನ ಮಕಾತುವಿನದಲ್ಲ. ಗಂಡನ ಮೂವತ್ತಮೂರನೇ ವರ್ಷದ ತಿಥಿಯಲ್ಲೂ ಮೊದಲು ಎದ್ದವಳು ಅವಳೇ.

ಅಂಥವಳಿಗೆ ಆ ಬೇಸಿಗೆಯಲ್ಲಿ ಭುಜಗಳೇ ಕೈಕೊಟ್ಟವು. ಬಾಚಣಿಗೆ ನೆತ್ತಿ ಮುಟ್ಟದು, ಒದ್ದೆ ಬಟ್ಟೆ ಹಗ್ಗಕ್ಕೇರದು. ನೋಡಿದರೆ ಅಕ್ಕ ಗೊಜೇಯ ಕಾಜಿಮಾಯಾಕ್ಕೆ ಇನ್ನು ಮೂರೇ ವಾರ. ತೊಂಬತ್ತೇಳಕ್ಕೆ ಬಂದವರನ್ನು ಅಂದು ಕಾಗದದ ಗಿರಿಗಿಟ್ಟೆ ಸಿಕ್ಕಿಸಿದ ತೆರೆದ ಕಾರಿನಲ್ಲಿ ಕೂರಿಸಿ ಊರೆಲ್ಲ ಸುತ್ತಿಸುತ್ತಾರೆ; ಆಯುಸ್ಸು ತಮಗೂ ಅಂಟಲಿ ಎಂದು ಜನ ಅವರ ಕೈ ಮುಟ್ಟುತ್ತಾರೆ. ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ ಅಕ್ಕನ ಮುಂದೆ ಆ ದಿನ ಕುಣಿಯದೆ ಕೂತರೆ ತಾನು ಇದ್ದೂ ಏನು ಪ್ರಯೋಜನ ಎಂದು ಮಕಾತು ಮರುದಿನವೇ ಆಸ್ಪತ್ರೆಗೆ ಹೊರಟಳು.

ಯೊನಾಬರು ಪೇಟೆಯ ಮಿಯಾರಾ ಡಾಕ್ಟರಮ್ಮ ಭುಜ ಹಿಡಿದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಸ್ಟೀರಾಯ್ಡ್ ಮಾತ್ರೆ ತಗೊಂಡರೆ ಮೂರ್ನಾಲ್ಕು ದಿನದಲ್ಲೇ ಕೈ ಏಳುತ್ತದೆ ಎಂದರು. ಮಕಾತು ಅಲ್ಲೇ ಎದ್ದು ಕುಣಿಯುವುದೊಂದು ಬಾಕಿ. ಆದರೆ ಮೊದಲು ಮಲ ಪರೀಕ್ಷೆ ಆಗಬೇಕಂತೆ. ಈ ದ್ವೀಪದ ಹಳೆಯ ತಲೆಗಳ ಕರುಳಲ್ಲಿ ನೂಲಿಗಿಂತ ಸಣ್ಣ ಹುಳವೊಂದು ಐವತ್ತು ಅರವತ್ತು ವರ್ಷ ಸದ್ದಿಲ್ಲದೆ ಕೂತಿರುವುದುಂಟು. ಬರಿಗಾಲಿಗೆ ತಾಗಿದ ಮಣ್ಣಿನಿಂದ ಒಳಗೆ ಬಂದದ್ದು, ಅಲ್ಲೇ ಮರಿ ಮಾಡಿಕೊಂಡು ಇದ್ದುಬಿಡುತ್ತದೆ. ಮೈಯ ಕಾವಲು ಗಟ್ಟಿಯಿರುವ ತನಕ ಅದು ಬಾಲ ಬಿಚ್ಚುವುದಿಲ್ಲ. ಸ್ಟೀರಾಯ್ಡ್ ಆ ಕಾವಲನ್ನೇ ಮಲಗಿಸುತ್ತದೆ. ಆಗ ಸಾವಿರ ಸಾವಿರವಾಗಿ ಶ್ವಾಸಕೋಶದವರೆಗೂ ಹತ್ತಿ ಜೀವ ತೆಗೆಯುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಡಬ್ಬಿ ಕೊಟ್ಟು, ತಾಜಾ ತರಬೇಕು, ತಣ್ಣಗೆ ಮಾತ್ರ ಇಡಬಾರದು, ಹುಳ ಸತ್ತರೆ ನಮಗೆ ಕಾಣುವುದಿಲ್ಲ ಎಂದು ಎರಡು ಸಲ ಒತ್ತಿ ಹೇಳಿದರು.

ಹುಳ ಎಂದದ್ದಕ್ಕೇ ಮಕಾತು ಉರಿದುಬಿದ್ದಿದ್ದಳು. ತನ್ನ ಅಡುಗೆಮನೆಯ ನೆಲದ ಮೇಲೆ ಊಟ ಬಡಿಸಬಹುದು, ಅಷ್ಟು ಚೊಕ್ಕಟ. ನೆಂಟರು ಬರುವ ಮುಂಚೆ ಮನೆ ಗುಡಿಸುವ ಹಾಗೆ, ಪರೀಕ್ಷೆಗೆ ಮುಂಚೆ ಹೊಟ್ಟೆ ಗುಡಿಸಬೇಡವೇ? ಚಿಕ್ಕಂದಿನಲ್ಲಿ ಹುಳಕ್ಕೆಂದು ಕುಡಿಸುತ್ತಿದ್ದ ನಾಚೋರಾ ಎಂಬ ಸಮುದ್ರಪಾಚಿಯನ್ನು ಕುದಿಸಿ ಮೂರು ದಿನ ಮೂಗು ಮುಚ್ಚಿಕೊಂಡು ಕುಡಿದಳು. ಪಾಚಿಗೆ ಹೆದರುವುದು ದೊಡ್ಡ ಹುಳ, ಈ ಸಣ್ಣದು ಕ್ಯಾರೇ ಅನ್ನುವುದಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ಇನ್ನು ಡಬ್ಬಿ ತುಂಬಿದ್ದು ಬೆಳಗಿನ ಐದಕ್ಕೆ, ಬಸ್ಸು ಹತ್ತಕ್ಕೆ. ಈ ಸೆಕೆಯಲ್ಲಿ ಡಾಕ್ಟರಂಥವರಿಗೆ ನಾರುವ ವಸ್ತು ಕೊಡುವುದೇ? ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ತೋಫುವಿನ ಪಕ್ಕ ಇಟ್ಟಳು, ದಾರಿಗೆ ಐಸ್ ತುಂಡನ್ನೂ ಕಟ್ಟಿಕೊಂಡಳು. ತಣ್ಣಗೆ ಇಡಲಿಲ್ಲ ತಾನೇ ಎಂದು ನರ್ಸ್ ಕೇಳಿದಾಗ ಛೆ ಛೆ ಎಂದು ತಲೆಯಾಡಿಸಿದಳು.

ವಾರ ಕಳೆಯಿತು. ಹುಳ ಕಾಣಲಿಲ್ಲ, ಮಾತ್ರೆ ಸಿಕ್ಕಿತು. ಮಕಾತು ಮಾತ್ರೆಯ ಪೊಟ್ಟಣ ಹಿಡಿದು ನೇರ ಅಕ್ಕನ ಮನೆಗೆ ಹೋಗಿ, ಪಾಚಿ, ತೋಫು, ಐಸು ಎಲ್ಲವನ್ನೂ ಕೊಚ್ಚಿಕೊಂಡಳು. ಡಾಕ್ಟರಮ್ಮ ಹುಳದ ಬಗ್ಗೆ ಹೆದರಿಸಿದ್ದನ್ನೂ ಅಣಕಿಸಿ ತೋರಿಸಿದಳು. ಗೊಜೇ ಮಾತ್ರ ನಗಲಿಲ್ಲ.

"ಡಾಕ್ಟರಿಗೇ ಸುಳ್ಳು ಹೇಳಿ ಬಂದ್ಯೇನೇ?"

"ಸುಳ್ಳಲ್ಲಕ್ಕಾ, ಮರ್ಯಾದೆ. ಅಂಥದ್ನ ಬಿಸಿಬಿಸಿ ಕೊಡಕ್ಕಾಗುತ್ತಾ ಯಾರಿಗಾದ್ರೂ?"

"ನಿನ್ನ ಬೆನ್ನಿಗೆ ಕಟ್ಕೊಂಡು ಗೆಣಸಿನ ಹೊಲಕ್ಕೆ ಹೋಗ್ತಿದ್ದೋಳು ನಾನು. ಇಳಿಸಿದ್ದೇ ತಡ ನೀನು ಕೆಸರಲ್ಲಿ ಓಡ್ತಿದ್ದೆ. ನಮ್ಮಪ್ಪನ ಮನೇಲಿ ಚಪ್ಪಲಿ ಯಾರಿಗಿತ್ತೇ?"

ಮಕಾತು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೊಜೇ ಪೊಟ್ಟಣ ಕಿತ್ತುಕೊಂಡು ಎದೆಯ ಬಟ್ಟೆಯೊಳಗೆ ಸಿಕ್ಕಿಸಿಕೊಂಡಳು.

"ಹಿಂದಿನೋರು ಕಾಜಿಮಾಯಾ ಅಂದ್ರೆ ಬದುಕಿರೋರಿಗೇ ಸಾವಿನ ಶಾಸ್ತ್ರ ಮಾಡ್ತಿದ್ರು, ನೆನಪಿದ್ಯಲ್ಲ. ನನ್ನ ಸುಳ್ಳು ಸಾವಿನ ಪಕ್ಕ ನಿನ್ನ ನಿಜವಾದ್ದು ತಂದಿಡಬೇಡ ಕಣೆ. ನಾನು ತಡಕೊಳ್ಳಲ್ಲ."

ಸುನಾಮಿ ಎಚ್ಚರಿಕೆ ಬಂದಾಗಲೂ ಚಹಾ ಮುಗಿಸಿಯೇ ಎದ್ದವಳು ಗೊಜೇ. ಅವಳು ಹೆದರಿದ್ದನ್ನು ಕಂಡು ಮಕಾತುವಿನ ಜಂಬವೆಲ್ಲ ಜರ್ರನೆ ಇಳಿಯಿತು.

ಮರುದಿನ ಅವಳು ಹೊಸ ಡಬ್ಬಿಯನ್ನು ಬೆಚ್ಚಗೆ ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಪಕ್ಕದ ಹೆಂಗಸು, ಏನಜ್ಜಿ, ಪೇಟೆಯವರಿಗೆ ಬಿಸಿ ಬಿಸಿ ತಿಂಡಿ ಕರಿದು ತಂದಿರಾ ಎಂದು ಕೇಳಿದಳು. ಮನೆಯಲ್ಲೇ ಮಾಡಿದ್ದು ಎಂದು ಮಕಾತು ಮುಖ ಗಂಭೀರ ಮಾಡಿಕೊಂಡು ಹೇಳಿದಳು. ಆಮೇಲೆ ಪೇಟೆಯವರೆಗೂ ನಗು ತಡೆದು ತಡೆದು ಪಕ್ಕೆ ನೋವು ಬಂತು.

ಡಾಕ್ಟರಮ್ಮ ತಪ್ಪೊಪ್ಪಿಗೆ ಕೇಳಿ ಬಿಳಿಚಿಕೊಂಡರು. ನಾಲ್ಕನೇ ದಿನ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಎಳೆಯಂಥದ್ದೊಂದು ಅಲ್ಲಿ ಬಳುಕಿ ಬಳುಕಿ ಓಡಾಡುತ್ತಿತ್ತು.

"ಅಯ್ಯೋ, ಇದಕ್ಕೂ ಕಚಾಶಿ ಬರುತ್ತಲ್ಲಮ್ಮಾ," ಎಂದಳು ಮಕಾತು.

ಡಾಕ್ಟರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಹೇಳಲೇಬೇಕಾದ್ದನ್ನು ಹೇಳಿದರು. ಹುಳದ ಮಾತ್ರೆ ಖಾಲಿ ಹೊಟ್ಟೆಗೆ ಇವತ್ತೊಂದು ಸಲ, ಎರಡು ವಾರ ಬಿಟ್ಟು ಇನ್ನೊಂದು ಸಲ. ಸ್ಟೀರಾಯ್ಡ್ ಅದಾದ ಮೇಲೆಯೇ. ಕಾಜಿಮಾಯಾಕ್ಕೆ ಏಳೇ ದಿನ ಉಳಿದಿತ್ತು. ಮಕಾತು ವಾದಿಸದೆ ಮಾತ್ರೆ ನುಂಗಿದಳು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಆ ದಿನ ಗೊಜೇಯ ಕಾರು ಊರೆಲ್ಲ ಸುತ್ತಿ ಸಭಾಭವನಕ್ಕೆ ಬಂತು. ಊಟವಾಯಿತು, ಭಾಷಣಗಳಾದವು, ಸಾನ್‌ಶಿನ್ ಚುರುಕಾಯಿತು. ಇನ್ನೂರು ಜನ ಕೈಯೆತ್ತಿ ಎದ್ದರು. ವೇದಿಕೆಯ ಮೇಲೆ ಅಕ್ಕನ ಪಕ್ಕ ಕೂತ ಮಕಾತುವಿನ ಕೈಗಳು ಮಾತ್ರ ಮಡಿಲು ಬಿಟ್ಟು ಏಳಲಿಲ್ಲ. ಗೊಜೇ ಒಂದು ನಿಮಿಷ ನೋಡಿದಳು. ಆಮೇಲೆ ತಂಗಿಯ ಎರಡೂ ಮಣಿಕಟ್ಟು ಹಿಡಿದು ಒಮ್ಮೆಲೇ ಮೇಲಕ್ಕೆ ಎಳೆದಳು.

ಪ್ರಾಣ ಹೋದ ಹಾಗಾಗಿ ಮಕಾತು ಛಾವಣಿ ಹಾರುವಂತೆ ಕಿರುಚಿದಳು. ಕುಣಿತಕ್ಕೆ ಕೂಗು ಕೊಟ್ಟಳೆಂದುಕೊಂಡು ಇಡೀ ಸಭೆ ಹೀಯಾ ಸಾಸಾ ಎಂದು ತಿರುಗಿ ಕಿರುಚಿತು. ಅವಳಿಗೆ ನೋವಿನಲ್ಲೂ ನಗು ಉಕ್ಕಿತು. ನಕ್ಕದ್ದಕ್ಕೆ ಇನ್ನಷ್ಟು ನೋವಾಗಿ ಮತ್ತೆ ಕಿರುಚಿದಳು, ಸಭೆಯೂ ಮತ್ತೆ ಕಿರುಚಿತು.

"ಬಿಡಕ್ಕಾ, ಸತ್ತೇ ಹೋಗ್ತೀನಿ," ಎಂದಳು.

"ಇವತ್ತು ಸಾಯೋ ಸರದಿ ನಂದು, ಸುಮ್ನೆ ಕುಣಿಯೇ," ಎಂದಳು ಗೊಜೇ, ಸಾನ್‌ಶಿನ್ ನಿಲ್ಲುವ ತನಕ ಕೈ ಬಿಡಲಿಲ್ಲ.