ಬ್ಯಾಂಡ್ ಅಂಗಡಿಯ ಲ್ಯಾಟಿನ್ ಜಾಝ್

ನಮ್ಮ ಕಡೆ ‘ತುಂಬಾ’ ಎನ್ನುವ ಮಾತೇ ಇಲ್ಲ. ಹಸಿವಾದರೂ ಭಾಳ, ಸಿಟ್ಟು ಬಂದರೂ ಭಾಳ, ಬಿಸಿಲಂತೂ ಭಾಳಕ್ಕಿಂತ ಭಾಳ. ಕಲಬುರಗಿಯಲ್ಲಿ ಯಾರಾದರೂ ತುಂಬಾ ಎಂದರೆ ಇವನು ಬೆಂಗಳೂರಿನವನೆಂದು ಆಟೋದವನು ಬಾಡಿಗೆ ಏರಿಸುತ್ತಿದ್ದ. ಹಾಗಾಗಿ ಸೊಲ್ಲಾಪುರದ ಒಂದು ಮುಳುಗಿಹೋದ ಆರ್ಕೆಸ್ಟ್ರಾದವರಿಂದ ಎರಡು ಎತ್ತರದ ಚರ್ಮವಾದ್ಯಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದು, ಇದಕ್ಕೆ ತುಂಬಾ ಎನ್ನುತ್ತಾರೆ ಎಂದು ನಾನು ಹೇಳಿದಾಗ ನಮ್ಮ ತಂದೆ, “ಏನು ತುಂಬಾ? ಎದರಾಗ ತುಂಬಾ?” ಎಂದು ಕೇಳಿದ್ದರು. ಆರ್ಕೆಸ್ಟ್ರಾದವರು ಇಟ್ಟುಕೊಂಡ ಹೆಸರು ಅದು. ಎಲ್ಲಿಂದ ಬಂತೆಂದು ನನಗೂ ಗೊತ್ತಿರಲಿಲ್ಲ.

ಅದು ಎಂಬತ್ತರ ದಶಕದ ನಡುವಿನ ಮಾತು. ತಂದೆ ಮನೆಮನೆಗೆ ಹೋಗಿ ಪೂಜೆ, ಲಗ್ನ ಮಾಡಿಸುತ್ತಿದ್ದರು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಬೈಯುವುದು ಮರಾಠಿಯಲ್ಲಿ, ಸಮಾಧಾನ ಹೇಳುವುದು ಕನ್ನಡದಲ್ಲಿ. ಶನಿವಾರದ ಭಜನೆಗೆ ತಬಲಾ ನನ್ನದು. ಬಿ.ಕಾಂ. ಎರಡನೇ ಸಲವೂ ಕೈಕೊಟ್ಟ ಮೇಲೆ ಕೋಟೆಯ ಹಿಂದಿನ ಗಲ್ಲಿಯಲ್ಲಿದ್ದ ಒಂದು ಲಗ್ನದ ಬ್ಯಾಂಡಿಗೆ ಸೇರಿಕೊಂಡೆ. “ದೇವರ ಮುಂದ ಬಾರಸೋದು ಬ್ಯಾರೆ, ಕುದರಿ ಮುಂದ ಬಾರಸೋದು ಬ್ಯಾರೆ,” ಎಂದ ತಂದೆ ನನ್ನೊಡನೆ ಮಾತು ಬಿಟ್ಟರು. ಅದೇ ವಾರ ಅವರು ಮಾಡಿಸುತ್ತಿದ್ದ ಲಗ್ನಕ್ಕೆ ನಮ್ಮ ಬ್ಯಾಂಡೇ ಬಂತು. ಒಳಗೆ ಅವರ ಮಂತ್ರ, ಹೊರಗೆ ನನ್ನ ಗದ್ದಲ. ಅಲ್ಲಿಗೆ ಅವರ ಮುನಿಸೂ ಮುಗಿಯಿತು.

ಬ್ಯಾಂಡಿನ ಮಾಲೀಕರು ಟ್ರಂಪೆಟ್ ಊದುತ್ತಿದ್ದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನು ಬೇಕೆಂದೇ ಆಚಾರ್ರ ಎನ್ನುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ತಂದೆ, ಅಜ್ಜ ಇಬ್ಬರೂ ಅದೇ ಅಂಗಡಿಯಲ್ಲಿ ಕೂತು ಊದಿದವರು. ಗೋಡೆಯ ತುಂಬ ಜರಿಯ ಕೆಂಪು ಕೋಟುಗಳು ತೂಗಾಡುತ್ತಿದ್ದವು. ಲಗ್ನವಿಲ್ಲದ ಮಧ್ಯಾಹ್ನಗಳಲ್ಲಿ ಶಟರ್ ಅರ್ಧ ಇಳಿಸಿ, ಆ ಬೆವರು ವಾಸನೆಯ ಕೋಟುಗಳ ಕೆಳಗೆ ಕೂತು ರಿಯಾಜ್ ಮಾಡುತ್ತಿದ್ದೆವು.

ಭಾಯಿಯ ಹೆಂಡತಿಯ ತಮ್ಮ ಗಲ್ಫಿನ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದ. ರಜೆಗೆ ಬಂದಾಗ ಒಂದು ಟೇಪ್‌ರೆಕಾರ್ಡರ್ ತಂದ, ಜೊತೆಗೆ ಒಂದು ಕ್ಯಾಸೆಟ್. ಒಂದು ಬದಿಗೆ ಕವ್ವಾಲಿ. ಇನ್ನೊಂದು ಬದಿಗೆ ಹೋಟೆಲಿನಲ್ಲಿ ಹಚ್ಚುತ್ತಿದ್ದ ಕ್ಯಾಸೆಟ್ಟಿನಿಂದ ಅವನೇ ಇಳಿಸಿಕೊಂಡ ಒಂದು ವಾದ್ಯಸಂಗೀತ. ಬಟನ್ ತಡವಾಗಿ ಒತ್ತಿದ್ದರಿಂದ ಮೊದಲಿನದು ಹೋಗಿ ನಡುವಿನಿಂದಲೇ ಶುರುವಾಗುತ್ತಿತ್ತು. ಮೇಲೆ ಉರ್ದುವಿನಲ್ಲಿ ‘ಲ್ಯಾಟಿನ್ ಜಾಝ್’ ಎಂದು ಬರೆದಿದ್ದ.

ಕ್ಲಾರಿನೆಟ್ಟಿನವನು ಅದನ್ನು ಓದಿ, “ಲ್ಯಾಟ್ರಿನ್ ಜಾಝ್ ಏನು ಭಾಯಿ? ಕುಂತಲ್ಲೇ ಊದೂದೇನು?” ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕ್ಯಾಸೆಟ್ ಹಚ್ಚಿದ ಮೇಲೆ ಯಾರೂ ನಗಲಿಲ್ಲ.

ನಮ್ಮಲ್ಲಿ ಟ್ರಂಪೆಟ್ ಎಂದರೆ ಬೀಗರ ಬಾಗಿಲ ಮುಂದೆ ನಿಂತು ಕಿರುಚುವ ವಾದ್ಯ. ಅಲ್ಲಿ ಅದು ಯಾರನ್ನೋ ಹೆಸರು ಹಿಡಿದು ಕರೆಯುತ್ತಿತ್ತು, ಬರಲಿಲ್ಲವೆಂದು ಮುನಿಸಿಕೊಳ್ಳುತ್ತಿತ್ತು, ಮತ್ತೆ ಕರೆಯುತ್ತಿತ್ತು. ಅದರ ಕೆಳಗೆ ನನ್ನ ತುಂಬಾ! ಗಲ್ಫಿನವನೇ ಹೇಳಿದ: ಇದು ಕ್ಯೂಬಾ ಎಂಬ ದ್ವೀಪದ್ದು, ಗುಲಾಮರಾಗಿ ಹಡಗಿನಲ್ಲಿ ಬಂದ ಆಫ್ರಿಕಾದವರ ಕೈಯಿಂದ ಹುಟ್ಟಿದ್ದು, ಹೋಟೆಲಿನಲ್ಲಿ ಇಂಥದ್ದನ್ನು ನುಡಿಸುವವರಲ್ಲಿ ಒಬ್ಬ ಫಿಲಿಪೈನ್ಸಿನವನು, ಒಬ್ಬ ಗೋವಾದವನು, ಒಬ್ಬ ಮಾತ್ರ ಆ ಕಡೆಯವನು. ಭಾಯಿ ತೊಡೆ ತಟ್ಟಿದರು. “ಗೋವಾದವ್ರು ನುಡಸ್ತಾರಂದ್ರ ಕಲಬುರಗಿ ಮಂದಿಗಿ ಏನಾಗ್ಯದ? ನಾವೇನು ಕೈಗಿ ಮದರಂಗಿ ಹಚಗೊಂಡು ಕುಂತೀವೇನು?”

ಅವತ್ತಿನಿಂದ ಭಾಯಿಗೆ ಅದೊಂದೇ ಹುಚ್ಚು. ಹಣ ಬೇಡ, ಹೆಸರು ಬೇಡ. “ಒಮ್ಮಿ ನಮ್ಮ ಮಂದಿ ಇದಕ್ಕ ಕುಣೀಬೇಕು ಆಚಾರ್ರ. ಒಮ್ಮಿ ಸಾಕು,” ಎನ್ನುತ್ತಿದ್ದರು. ಈ ಅವಸರಕ್ಕೆ ಕಾರಣವಿತ್ತು. ಅವರ ಮುಂದಿನ ಹಲ್ಲುಗಳು ಆಗಲೇ ಅಲುಗಾಡುತ್ತಿದ್ದವು. ಟ್ರಂಪೆಟ್ ಊದುವವನ ಆಸ್ತಿಯೆಲ್ಲ ಮುಂದಿನ ಹಲ್ಲುಗಳಲ್ಲಿರುತ್ತದೆ. ತುಟಿ ಅವುಗಳಿಗೆ ಆತು ನಿಂತರೆ ಮಾತ್ರ ಸ್ವರ. ವಸಡು ಕೊಳೆತಿದೆ, ಇವತ್ತಲ್ಲ ನಾಳೆ ಎಲ್ಲ ಕೀಳಬೇಕಾಗುತ್ತದೆ ಎಂದು ಸೇಡಂ ರಸ್ತೆಯ ಹಲ್ಲಿನ ಡಾಕ್ಟರು ಹೇಳಿಯಾಗಿತ್ತು. ಭಾಯಿ ಬೇವಿನ ಕಡ್ಡಿ, ಲವಂಗದ ಎಣ್ಣೆ, ದರ್ಗಾದ ತಾಯತ ಎಲ್ಲವನ್ನೂ ಹಲ್ಲಿನ ಹಿಂದೆ ಹಚ್ಚಿ ನಾಳೆಯನ್ನು ಮುಂದಕ್ಕೆ ತಳ್ಳುತ್ತಿದ್ದರು.

ಕಲಿಯಲು ಕೂತಾಗ ಮೊದಲ ತಕರಾರು ತಾಳದ್ದು. ‘ಒಂದು’ ಎಲ್ಲಿಂದ ಎಣಿಸಬೇಕು? ಭಜನೆಯವರು ನಾವು ಅದಕ್ಕೆ ಸಮ ಎನ್ನುತ್ತೇವೆ. ತಾಳ ಸುತ್ತು ಹಾಕಿ ಬಂದು ಕೂಡುವ ಮೊದಲ ಪೆಟ್ಟು. ಅದು ಸಿಕ್ಕರೆ ಎಲ್ಲ ಸಿಕ್ಕಂತೆ. ಆ ಸಂಗೀತದಲ್ಲಿ ನಾಲ್ಕು ಎಣಿಕೆಗೊಮ್ಮೆ ತುಂಬಾ ‘ತುಂ-ತುಂ’ ಎಂದು ಬಾಯಿಬಿಟ್ಟು ನುಡಿಯುತ್ತಿತ್ತು. ಉಳಿದದ್ದೆಲ್ಲ ಬರೀ ಗುಸುಗುಸು.

“ನಮ್ಮಲ್ಲಿ ‘ಧಾ’ ಗಟ್ಟಿಯಾಗಿ ಎಲ್ಲಿ ಬೀಳ್ತದೋ ಅದೇ ಸಮ,” ಎಂದೆ.

“ಬ್ಯಾಂಡಿನ್ಯಾಗೂ ಹಂಗೇ. ದೊಡ್ಡ ಢೋಲು ಎಲ್ಲಿ ಬೀಳ್ತದೋ ಎಡಗಾಲು ಅಲ್ಲೇ ಬೀಳ್ತದ. ಅದೇ ಒಂದು,” ಎಂದರು ಭಾಯಿ.

ನಾವಿಬ್ಬರೂ ಯಾವುದಕ್ಕೂ ಸುಲಭವಾಗಿ ಒಪ್ಪಿದವರಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವುದಕ್ಕೂ ವಾದ. ಜಗಳವಿಲ್ಲದೆ ಒಪ್ಪಿಕೊಂಡದ್ದು ಇದೊಂದೇ. ಭಜನೆಯ ಶಾಸ್ತ್ರವೂ ಬ್ಯಾಂಡಿನ ಶಾಸ್ತ್ರವೂ ಒಂದೇ ಮಾತು ಹೇಳುತ್ತಿರುವಾಗ ಸಂಶಯವೆಲ್ಲಿ? ಢೋಲಿನವನಿಗೆ ಆ ಗಟ್ಟಿ ಪೆಟ್ಟಿನ ಮೇಲೆಯೇ ಬಾರಿಸಲು ಹೇಳಿದೆವು.

ವರ್ಷಗಳು ಹೋದವು. ಭಾಯಿ ಆ ಟ್ರಂಪೆಟ್ಟಿನವನು ಎಲ್ಲಿ ಉಸಿರು ಎಳೆಯುತ್ತಾನೆ ಎನ್ನುವುದನ್ನೂ ಬಿಡದೆ ಕಲಿತರು. ಟೇಪು ಸವೆದು ಕರಕರ ಎನ್ನತೊಡಗಿತು. ಲಗ್ನಗಳಲ್ಲಿ ಇದನ್ನು ನುಡಿಸಲೇ ಎಂದು ಕೇಳಲು ಧೈರ್ಯ ಸಾಲುತ್ತಿರಲಿಲ್ಲ. ದುಡ್ಡು ಕೊಟ್ಟವರಿಗೆ ಸಿನಿಮಾ ಹಾಡೇ ಬೇಕು. ಒಮ್ಮೆ ಗಣಪತಿ ಮೆರವಣಿಗೆಯಲ್ಲಿ ಶುರು ಮಾಡುವಷ್ಟರಲ್ಲಿ ಹುಡುಗರು ಕೂಗಿ ನಿಲ್ಲಿಸಿದರು. ಅಷ್ಟರಲ್ಲಿ ಭಾಯಿಯ ಕೆಳಗಿನ ಹಲ್ಲು ಎರಡು ಹೋಗಿದ್ದವು. ಮೇಲಿನವು ದೇವರ ದಯೆಯಿಂದ ನಿಂತಿದ್ದವು.

ತೊಂಬತ್ತರ ಹೊತ್ತಿಗೆ ಕಮಲಾಪುರದ ಬಾಳೆತೋಟದ ಶ್ರೀಮಂತರೊಬ್ಬರ ಮನೆಯ ಲಗ್ನ ಬಂತು. ಮದುಮಗನೇ ಭಾಯಿಯ ಹತ್ತಿರ ಬಂದು, “ಎಲ್ಲಾರೂ ಬಾರಸೋದು ಬ್ಯಾಡ್ರಿ, ಹೊಸಾದು ಏನಾರ ತೋರಸ್ರಿ,” ಎಂದ. ಭಾಯಿ ನನ್ನ ಮುಖ ನೋಡಿದರು. ಅವರ ಕಣ್ಣು ಅವತ್ತು ಹೊಳೆದ ಹಾಗೆ ಅವರ ಮಗನ ಲಗ್ನದಲ್ಲೂ ಹೊಳೆಯಲಿಲ್ಲ.

ಸಂಜೆ ಮದುಮಗನನ್ನು ಹನುಮಂತದೇವರ ಗುಡಿಗೆ ಕರೆದೊಯ್ಯುವ ಮೆರವಣಿಗೆ. ನನ್ನ ತುಂಬಾ ತಳ್ಳುಗಾಡಿಯ ಮೇಲೆ, ಹಿಂದೆ ಜನರೇಟರ್. ಎರಡು ಸಿನಿಮಾ ಹಾಡಿಗೆ ಹುಡುಗರು ಧೂಳೆಬ್ಬಿಸಿ ಕುಣಿದರು. ಕಾಲು ಬಿಸಿಯಾಗಿವೆ ಎನ್ನಿಸಿದಾಗ ಭಾಯಿ ಕೈ ಎತ್ತಿ ನಮ್ಮದನ್ನು ಶುರು ಮಾಡಿದರು. ಅವರು ಅಷ್ಟು ಚೆನ್ನಾಗಿ ಊದಿದ್ದನ್ನು ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

ಹುಡುಗರು ಕುಣಿಯಲು ನೋಡಿದರು. ಆ ಮಾತು ಹೇಳಲೇಬೇಕು, ಅವರು ಮನಸ್ಸಿನಿಂದ ನೋಡಿದರು. ಹೆಜ್ಜೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಢೋಲು ಬೀಳುತ್ತಿತ್ತು, ಹೆಜ್ಜೆ ಬಿಟ್ಟುಹೋಗುತ್ತಿತ್ತು. ಮತ್ತೆ ಹಿಡಿಯುವರು, ಮತ್ತೆ ಬಿಡುವರು. ಒಬ್ಬ ಮುಗ್ಗರಿಸಿ ಇನ್ನೊಬ್ಬನ ಕಾಲು ತುಳಿದ. ಸ್ವಲ್ಪ ಹೊತ್ತಿಗೆ ಎತ್ತಿದ ಕೈಗಳನ್ನು ಇಳಿಸಿ ಎಲ್ಲರೂ ಸುಮ್ಮನೆ ನಿಂತರು. ಮದುಮಗನ ದೊಡ್ಡಪ್ಪ ಬಂದು ತಳ್ಳುಗಾಡಿಗೆ ಕೈ ಹಾಕಿದ. “ಏ ಮಾಸ್ತರ, ತಾಳ ತಪ್ಪಾಕತ್ತದ. ನಿಮ್ಮ ಮಂದಿ ಕುಡದು ಬಂದಾರೇನು?”

ಭಾಯಿ ಟ್ರಂಪೆಟ್ ಇಳಿಸಿದರು. ತುಟಿಯ ಮೇಲೆ ರಕ್ತವಿತ್ತು. ಸಿನಿಮಾ ಹಾಡು ಎತ್ತಿಕೊಂಡರು, ಧೂಳು ಮತ್ತೆ ಎದ್ದಿತು. ತಿರುಗಿ ಬರುವಾಗ ಟೆಂಪೋದಲ್ಲಿ ಬೀಗರು ಕೊಟ್ಟ ಕೆಂಪು ಬಾಳೆಹಣ್ಣು ಕಚ್ಚಿದರು. ಮೇಲಿನ ಹಲ್ಲೊಂದು ಹಣ್ಣಿನಲ್ಲೇ ಉಳಿಯಿತು. “ಬಾಳೆಹಣ್ಣು ಕಚ್ಚಿ ಹಲ್ಲು ಮುರಕೊಂಡಾಂವ ನಾನೊಬ್ಬನೇ ಇರಬೇಕು,” ಎಂದು ನಕ್ಕರು. ಯಾರಿಗೂ ನಗು ಬರಲಿಲ್ಲ. ಆಮೇಲೆ ತಿರುಗಿ ಕೂತು ಅತ್ತರು. ನಮ್ಮೆಲ್ಲರ ಎದುರಿಗೇ ಅತ್ತರು.

ಆ ವರ್ಷವೇ ಉಳಿದ ಹಲ್ಲುಗಳೂ ಹೋದವು. ಕಟ್ಟಿಸಿದ ಹಲ್ಲು ಇಟ್ಟುಕೊಂಡು ಊದಿ ನೋಡಿದರು, ಬರೀ ಗಾಳಿ ಬಂತು. ಬ್ಯಾಂಡನ್ನು ಮಗ ನಡೆಸಿದ, ಆಮೇಲೆ ಅವನೂ ಬಿಟ್ಟು ಡಿಜೆ ಸ್ಪೀಕರು ಬಾಡಿಗೆಗೆ ಕೊಡತೊಡಗಿದ. ನನಗೆ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಭಾಯಿಯ ಹತ್ತಿರ ಹೋದಾಗಲೆಲ್ಲ ಒಂದೇ ಮಾತು. “ಮಂದಿಗಿ ತಿಳೀಲಿಲ್ಲ ಆಚಾರ್ರ. ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ. ನಾವು ಬಾರಿಸಿದ್ದು ಖರೇ ಇತ್ತು.” ನಾನೂ ಹೌದೆನ್ನುತ್ತಿದ್ದೆ. ಹಲ್ಲಿಲ್ಲದ ಆ ಮನುಷ್ಯ ಆ ಒಂದು ಮಾತನ್ನು ಊರುಗೋಲು ಮಾಡಿಕೊಂಡು ಹತ್ತು ಹದಿನೈದು ವರ್ಷ ನಡೆದರು. ನಾನೂ ಅದನ್ನೇ ಊರಿಕೊಂಡಿದ್ದೆ, ಸುಳ್ಳೇಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೈದರಾಬಾದಿಗೆ ಹೋಗಿದ್ದಾಗ ಒಂದು ಸಿ.ಡಿ. ಅಂಗಡಿಯೊಳಗಿಂದ ನಮ್ಮ ಸಂಗೀತ ಕೇಳಿಸಿತು. ನಡುರಸ್ತೆಯಲ್ಲಿ ನಿಂತುಬಿಟ್ಟೆ. ಒಳಗೆ ಹೋಗಿ ಬೆಲೆಯೂ ಕೇಳದೆ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಅದನ್ನು ಹಚ್ಚುವ ಯಂತ್ರವಿರಲಿಲ್ಲ, ಭಾಯಿಯ ಮಗನ ಹತ್ತಿರ ಇತ್ತು. ಮರುದಿನವೇ ಕೋಟೆಯ ಗಲ್ಲಿಗೆ ಓಡಿದೆ. ಮುದುಕನಿಗೆ ಇಷ್ಟಾದರೂ ಸಂತೋಷ ಸಿಗಲಿ ಎಂದುಕೊಂಡಿದ್ದೆ.

ಸೊಸೆ ಚಹಾ ಇಟ್ಟು ಹೋದಳು. ಭಾಯಿ ಹಲ್ಲಿನ ಸೆಟ್ಟು ತೆಗೆದು ನೀರಿನ ಬಟ್ಟಲಿಗೆ ಹಾಕಿ, ಮಂಚದ ಮೇಲೆ ಸರಿಯಾಗಿ ಕೂತರು. ನಾನು ಬಟನ್ ಒತ್ತಿದೆ.

ಮೊದಲಿಗೆ ಒಬ್ಬ ಮನುಷ್ಯನ ದನಿ. ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ, ಸಂಗೀತ ಶುರುವಾಯಿತು. ಭಾಯಿಯ ಕೈ ತೊಡೆಯ ಮೇಲೆ ಬಿತ್ತು, ಅಲ್ಲೇ ನಿಂತಿತು.

“ಹಿಂದಕ್ಕ ಹಾಕ್ರಿ.”

ಹಾಕಿದೆ. ಈ ಸಲ ಅವರು ಆ ಮನುಷ್ಯನ ಜೊತೆಗೇ ಬೆರಳು ಮಡಿಚಿದರು. ಏಕ್, ದೋ, ತೀನ್, ಚಾರ್. ಎಣಿಕೆ ಬಿಡದೆ ಸಂಗೀತದೊಳಕ್ಕೆ ಹೋದರು. ಆ ಗಟ್ಟಿ ‘ತುಂ-ತುಂ’ ಬಿದ್ದದ್ದು ಚಾರ್ ಮೇಲೆ. ಒಂದರ ಮೇಲೆ ತುಂಬಾ ಬಾಯಿಯನ್ನೇ ಬಿಡಲಿಲ್ಲ. ಅಷ್ಟೂ ವರ್ಷ ನಾವು ನಾಲ್ಕನ್ನು ಒಂದೆಂದು ಎಣಿಸಿದ್ದೆವು. ಹಾಡಿನ ಹೆಜ್ಜೆ ಒಂದು ಕಡೆ, ನಮ್ಮ ಢೋಲು ಇನ್ನೊಂದು ಕಡೆ.

ನಾನು ಸಿ.ಡಿ.ಯ ಡಬ್ಬಿಯನ್ನು ತಿರುಗಿಸಿ ನೋಡಿದೆ. “ಇದು ಬ್ಯಾರೆ ಯಾರೋ ನುಡಿಸ್ಯಾರ ಭಾಯಿ. ನಮ್ಮ ಕ್ಯಾಸೆಟ್ಟಿನದು ಬ್ಯಾರೆ ಇದ್ದಿರಬೇಕು,” ಎಂದೆ.

“ಸುಮ್ಮನಿರ್ರಿ. ಅದೇ ಜಾಗಾದಾಗ ಅದೇ ಉಸಿರು ತಗೊಂಡಾನ. ನನಗ ಹೇಳ್ತೀರೇನು?”

ಮುಗಿಯುವ ತನಕ ಕೇಳಿದರು. ಹಲ್ಲಿಲ್ಲದ ಬಾಯಿ ಒಳಗೆ ಹೋಗಿತ್ತು. “ಕಮಲಾಪುರದ ಆ ಹುಡುಗೂರ ಕಾಲು ಸರೀನ ಇದ್ದವು ಆಚಾರ್ರ,” ಎಂದರು. “ನಾ ಅವರಿಗಿ ಎಷ್ಟು ವರ್ಷ ಬೈದೆ.”

ಚಹಾ ಆರಿ ಕೆನೆ ಕಟ್ಟಿತ್ತು, ಅದನ್ನೇ ಕುಡಿದೆ. ಏಳಬೇಕೆಂದಾಗ ಅವರು ಇನ್ನೊಮ್ಮೆ ಹಚ್ಚಲು ಹೇಳಿದರು. ಸರಿಯಾದ ‘ಒಂದು’ ಈಗ ಗೊತ್ತಾಗಿತ್ತಲ್ಲ, ಅದರ ಮೇಲೆ ಚಪ್ಪಾಳೆ ಹಾಕಲು ನೋಡಿದರು. ಕೈ ನಾಲ್ಕಕ್ಕೇ ಹೋಯಿತು. ಮತ್ತೆ ನೋಡಿದರು, ಮತ್ತೆ ನಾಲ್ಕಕ್ಕೇ ಹೋಯಿತು. ಅವರಿಗೆ ತೋರಿಸಿಕೊಡೋಣವೆಂದು ನಾನು ಮಂಚದ ಅಂಚಿನ ಮೇಲೆ ಬಾರಿಸಹೋದೆ. ನನ್ನದೂ ಅಲ್ಲಿಗೇ ಬಿತ್ತು.